ಕಾರ್ಡ್ ಇದ್ದವರಿಗೂ ದುಡ್ಡು ಯಾಕೆ?

ಬನಹಟ್ಟಿಯ ನೇಕಾರ ಓದುಗರೊಬ್ಬರು ಬರೆದಿದ್ದಾರೆ: "ಕೋವಿಡ್ ಎರಡನೇ ಅಲೆಯಲ್ಲಿ ಓಣಿಯವರೆಲ್ಲ ಪಟ್ಟಿ ಹಾಕಿ ಬಡ ರೋಗಿಗಳಿಗೆ ಅಂತ 43,000 ರೂಪಾಯಿ ಕೂಡಿಸಿದ್ದೆವು. ಗಾಡಿ ಬಾಡಿಗೆ ಕೊಟ್ಟೆವು, ಮಗ್ಗ ನಿಂತ ಮನೆಗಳಿಗೆ ಜೋಳ ಹಾಕಿಸಿದೆವು. 11,000 ಇನ್ನೂ ಉಳಿದಿದೆ. ಸರ್ಕಾರದ ಕಾರ್ಡ್ ಇದ್ದವರಿಗೆ ಕೊಟ್ಟಿದ್ದೇ ತಪ್ಪು ಅಂತ ಕೆಲವರು ಈಗಲೂ ಜಗಳ ತೆಗೆಯುತ್ತಾರೆ. ನೀವೇನಂತೀರಿ?"

ತಪ್ಪೇನೂ ಇಲ್ಲ ಅಣ್ಣಾ. ಜಗಳ ತೆಗೆಯುವವರು ಆಸ್ಪತ್ರೆ ಅಂಗಳದಲ್ಲಿ ಒಂದು ರಾತ್ರಿ ಕಳೆದಿಲ್ಲ ಅಂತ ಕಾಣುತ್ತೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರಿ. ಕೋವಿಡ್ ಬಂದಾಗ, 2020ರ ಜೂನ್‌ನಲ್ಲಿ, ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರವನ್ನೂ ಗೊತ್ತುಮಾಡಿತು. ಸರ್ಕಾರವೇ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200, ವೆಂಟಿಲೇಟರ್ ಹಾಕಿದರೆ 10,000, ಬಿಲ್ಲು ಸರ್ಕಾರದ್ದು. ನೇರವಾಗಿ ಹೋಗಿ ಸೇರಿಕೊಂಡವರಿಗೆ ಅದೇ ವಾರ್ಡಿಗೆ 10,000, ವೆಂಟಿಲೇಟರಿಗೆ 25,000, ಅದೂ ಸ್ವಂತ ಕೈಯಿಂದ. ಈಗ ಹೇಳಿ, 2021ರ ಮೇ ತಿಂಗಳಲ್ಲಿ ನಡುರಾತ್ರಿ ಅಪ್ಪ ಉಸಿರಿಗೆ ಒದ್ದಾಡುವಾಗ ಯಾವ ಮಗ ಸರ್ಕಾರದ ಕಾಗದಕ್ಕೆ ಕಾಯುತ್ತಾನೆ? ಎಲ್ಲಿ ಬೆಡ್ ಇದೆ ಅಂದರೋ ಅಲ್ಲಿಗೆ ಗಾಡಿ ಓಡಿಸಿದ, ಅಷ್ಟೇ.

ಕಾರ್ಡ್ ನಡೆದರೂ ಖರ್ಚು ತಪ್ಪಲ್ಲ. ನಮ್ಮ ಸೋದರಮಾವ ವಿಜಯಪುರದಲ್ಲಿ ಅಡ್ಮಿಟ್ ಆಗಿದ್ದಾಗ ನಾನು ಒಂಬತ್ತು ದಿನ ಆಸ್ಪತ್ರೆ ಎದುರಿನ ಬೇವಿನ ಗಿಡದ ಕೆಳಗಿದ್ದೆ. ಪಕ್ಕದಲ್ಲಿ ಇಂಡಿ ಕಡೆಯ ಒಬ್ಬ ಹೆಣ್ಣುಮಗಳು. ಗಂಡನ ಚಿಕಿತ್ಸೆ ಪೂರ್ತಿ ಫ್ರೀ. ಆದರೆ ಊರಿಗೆ ಬಸ್ಸಿಲ್ಲ, ಖಾನಾವಳಿ ಬಂದ್, ಕಟ್ಟಿಕೊಂಡು ಬಂದ ಕಡಕ್ ರೊಟ್ಟಿ ಐದನೇ ದಿನಕ್ಕೆ ಖಾಲಿ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸೋದು, ಮತ್ತೆ ಕಟ್ಟೋದು, ಇದೇ ಆಕೆಯ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಯಾರೋ ಹುಡುಗರು ಬೈಕಿನಲ್ಲಿ ಅನ್ನದ ಪೊಟ್ಟಣ ತಂದರು. ಒಬ್ಬ ಫೋಟೋ ತೆಗೆಯಲು ಮೊಬೈಲ್ ಎತ್ತಿದ. ಆಕೆ ಒಂದು ಕೈಯಿಂದ ಸೆರಗನ್ನು ಮುಖಕ್ಕೆ ಎಳೆದುಕೊಂಡಳು, ಇನ್ನೊಂದು ಕೈ ಪೊಟ್ಟಣ ಬಿಡಲಿಲ್ಲ. (ಹುಡುಗರು ಒಳ್ಳೆಯವರೇ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.) ನೀವು ಕೊಟ್ಟ ಗಾಡಿ ಬಾಡಿಗೆ, ಜೋಳ ಇಂಥವರಿಗೇ ಹೋಗಿದೆ. ಅದು ಯಾವ ಕಾರ್ಡಿನಲ್ಲೂ ಬರಲ್ಲ, ಅಲ್ವಾ?

ಉಳಿದ 11,000ವನ್ನು ಸುಮ್ನೆ ಮುಂದಿನ ಅಲೆಗೆ ಅಂತ ಇಟ್ಟುಕೊಂಡು ಕೂರಬೇಡಿ. ಓಣಿಯಲ್ಲಿ ಟಿಬಿ ಇದ್ದವರು ಇರಬಹುದು. ಅವರಿಗೆ ಗುಳಿಗೆ ಫ್ರೀ, ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತೆ. ಕೂಲಿ ಬಿಟ್ಟು ಆರು ತಿಂಗಳು ಗುಳಿಗೆ ನುಂಗುವವನಿಗೆ ಅದು ಯಾವ ಮೂಲೆಗೆ? 2022ರಿಂದ ನಿಕ್ಷಯ್ ಮಿತ್ರ ಅಂತ ಒಂದು ವ್ಯವಸ್ಥೆ ಇದೆ. ರೋಗಿ ಒಪ್ಪಿದರೆ ಕನಿಷ್ಠ ಆರು ತಿಂಗಳು ನೀವು ಕಾಳು, ಬೇಳೆ, ಎಣ್ಣೆ ಕೊಡಬಹುದು. ತಿಂಗಳಿಗೆ ಒಂಬತ್ತು ನೂರರ ಹಾಗೆ ಹಿಡಿದರೂ ಇಬ್ಬರಿಗೆ ಸಾಕು. ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರು ಅಂತ ಅವರಿಗೆ ಗೊತ್ತಿರುತ್ತೆ, ಓಣಿಗೆಲ್ಲ ಗೊತ್ತಾಗಬೇಕಿಲ್ಲ.

ಲೆಕ್ಕದ ಹಾಳೆಯನ್ನು ಗುಡಿ ಗೋಡೆಗೆ ಅಂಟಿಸಿ, ಜಗಳ ಅರ್ಧ ಕಮ್ಮಿ ಆಗುತ್ತೆ. ಪಟ್ಟಿ ಕೊಟ್ಟವರ ಹೆಸರು ಬರೆಯಿರಿ, ತಗೊಂಡವರದು ಬೇಡ.