ಮಗುವಿನ ಜೀವನಾಂಶ ಬಾಕಿ: ವಾರಂಟ್ ಬಂದರೆ ಏನು ಮಾಡಬೇಕು?

ಕೆಲಸ ಹೋಗಿ ಜೀವನಾಂಶ ನಿಂತು, ಫ್ಯಾಮಿಲಿ ಕೋರ್ಟಿನಿಂದ ವಾರಂಟ್ ಬಂದಿದ್ದರೆ ತಲೆಮರೆಸಿಕೊಳ್ಳಬೇಡಿ. ವಕೀಲರೊಂದಿಗೆ ಹಾಜರಾಗಿ, ಕೈಲಾದಷ್ಟು ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿ. ಕೆಲಸದಿಂದ ತೆಗೆದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ-ಸಾಲದ ಅಫಿಡವಿಟ್ ಜೊತೆಗಿರಲಿ. ಬರೀ ಬಾಯಿಮಾತು ನಡೆಯದು.

ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 144ರಡಿ, ಸಕಾರಣವಿಲ್ಲದೆ ತಪ್ಪಿಸಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಾಗಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ಚುಕ್ತಾ ಅಂದುಕೊಂಡವರು ಬಹಳ. ಅದು ಹಾಗೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲೇ. ಬಾಕಿ ವಸೂಲಿಗೆ ಎದುರು ಪಕ್ಷ ಹಾಕಿದ ಅರ್ಜಿಯ ದಿನಾಂಕವನ್ನೂ ನೋಡಿ: ಬಾಕಿಯಾದ ಒಂದು ವರ್ಷದೊಳಗೆ ಸಲ್ಲಿಸಿರದಿದ್ದರೆ ಆ ತಿಂಗಳಿಗೆ ಈ ಕಲಮಿನ ವಾರಂಟ್ ಹೊರಡಿಸುವಂತಿಲ್ಲ.

ತಿಂಗಳ ಜೀವನಾಂಶದ ಮೊತ್ತ ಇಳಿಸಲು ಕಲಂ 146ರಡಿ ಬೇರೆಯೇ ಅರ್ಜಿ ಹಾಕಬೇಕು. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವೇ ಲೆಕ್ಕ.