13 ಹಡಗು, 133 ಹಡಗು: ಲೆಕ್ಕ ನಿಜವೇ?

ಪ್ರಶ್ನೆ: ಕೊರಿಯಾದ ನೌಕಾ ಸೇನಾಪತಿ ಯೀ ಸುನ್-ಶಿನ್ ಬರೀ 13 ಹಡಗು ಇಟ್ಟುಕೊಂಡು ಜಪಾನಿನ 133 ಹಡಗುಗಳನ್ನು ಸೋಲಿಸಿದರಂತೆ. ನಿಜವೇ, ಇಲ್ಲಾ ಸುಮ್ನೆ ಬೆಳೆಸಿದ ಕಥೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ. 1597ರ ಅಕ್ಟೋಬರ್ 26ರಂದು ಮ್ಯೋಂಗ್ನ್ಯಾಂಗ್ ಜಲಸಂಧಿಯಲ್ಲಿ ನಡೆದ ಯುದ್ಧ ಇದು. 133 ಎಂಬ ಲೆಕ್ಕ ಯೀ ಅವರ ದಿನಚರಿಯಲ್ಲೇ ಇದೆ.

ಅದೇ ವರ್ಷ ಕೊರಿಯಾದ ರಾಜ ಸೊಂಜೊ, ಯೀ ಅವರನ್ನು ಸೆರೆಗೆ ಹಾಕಿಸಿ ಹುದ್ದೆ ಕಿತ್ತುಕೊಂಡಿದ್ದ. ಅವರ ಜಾಗಕ್ಕೆ ಬಂದ ವೊನ್ ಗ್ಯೂನ್ ಹೆಚ್ಚುಕಡಿಮೆ ಇಡೀ ನೌಕಾಪಡೆಯನ್ನೇ ಕಳೆದುಕೊಂಡ. ಯೀ ಅವರನ್ನು ಮತ್ತೆ ಕರೆಸುವಾಗ ಉಳಿದಿದ್ದದ್ದು 12 ಹಡಗು, ಆಮೇಲೆ ಇನ್ನೊಂದು ಸೇರಿತು. ನೌಕಾಪಡೆ ಬಿಟ್ಟು ನೆಲದ ಸೈನ್ಯ ಸೇರಿ ಎಂದಿತು ಅರಮನೆ. ನನ್ನ ಬಳಿ ಇನ್ನೂ 12 ಹಡಗುಗಳಿವೆ ಎಂದು ಅವರು ಉತ್ತರ ಬರೆದರು.

ಅವರು ಆರಿಸಿದ ಜಾಗವೇ ಅರ್ಧ ಗೆಲುವು. ಜಿಂಡೊ ದ್ವೀಪಕ್ಕೂ ದಡಕ್ಕೂ ನಡುವಿನ ಈ ಓಣಿ ತೀರಾ ಕಿರಿದಾದ ಕಡೆ ಸುಮಾರು 300 ಮೀಟರ್ ಅಗಲ. ನೀರು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಮೊರೆಯುತ್ತಾ ನುಗ್ಗುತ್ತದೆ, ಕೆಲವೇ ಗಂಟೆಗಳಲ್ಲಿ ದಿಕ್ಕು ತಿರುಗಿಸುತ್ತದೆ. 133 ಹಡಗು ಇದ್ದರೇನು, ಒಟ್ಟಿಗೆ ಒಳಗೆ ಬರಲು ಆಗಬೇಕಲ್ವಾ? ಮುಂದಿನ ಕೆಲವು ಹಡಗುಗಳಷ್ಟೇ ಕಾದಬೇಕು, ಉಳಿದವು ಹಿಂದೆ ನಿಲ್ಲಬೇಕು. ಕೊರಿಯಾದ ಪನೋಕ್ಸನ್ ಹಡಗುಗಳು ಎತ್ತರ, ಗಟ್ಟಿಮುಟ್ಟು. ಚಪ್ಪಟೆ ತಳ ಇರುವುದರಿಂದ ಬೇಗ ತಿರುಗುತ್ತಿದ್ದವು. ಫಿರಂಗಿಗಳೂ ಜಾಸ್ತಿ. ಜಪಾನಿಯರಿಗೆ ಎದುರಾಳಿಯ ಹಡಗಿಗೆ ಹತ್ತಿ ಕತ್ತಿ ಬೀಸುವ ಅಭ್ಯಾಸ. ದೂರದಿಂದಲೇ ಗುಂಡು ಬಿದ್ದರೆ ಹತ್ತುವುದೆಲ್ಲಿ? ಓಣಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿದ್ದರು ಎಂಬ ಕಥೆಯನ್ನು ನೀವು ಕೇಳಿರಬಹುದು. ದಿನಚರಿಯಲ್ಲಿ ಅದರ ಸುಳಿವೇ ಇಲ್ಲ. ಹಾಗಾಗಿ ನಾನು ಅದನ್ನು ನಂಬುವುದಿಲ್ಲ.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯುದ್ಧದ ಶುರುವಿನ ಹೊತ್ತು. ಜೊತೆಯ ಹಡಗುಗಳು ಹೆದರಿ ಹಿಂದೆಯೇ ಉಳಿದವು. ಯೀ ಅವರ ಹಡಗೊಂದೇ ಶತ್ರುಗಳ ನಡುವೆ ಕಾದಿತು. ಅವರು ಬಾವುಟ ಏರಿಸಿ ಉಳಿದವರನ್ನು ಕರೆದರು. ಆನ್ ವಿ ಎಂಬ ನಾಯಕ ಹತ್ತಿರ ಬಂದಾಗ, ಓಡಿಹೋದರೆ ಎಲ್ಲಿ ಬದುಕುತ್ತೀಯ ಎಂದು ಕೂಗಿದರು. ಆನ್ ವಿ ನುಗ್ಗಿದ. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಹರಿವು ತಿರುಗಿದ ಮೇಲೆ ಜಪಾನಿನ ಹಡಗುಗಳು ಒಂದಕ್ಕೊಂದು ತಾಗಿ ಅಸ್ತವ್ಯಸ್ತವಾದವು. ದಿನಚರಿಯ ಪ್ರಕಾರ 31 ನಾಶವಾದವು. ಕೊರಿಯಾದ ಒಂದು ಹಡಗೂ ಮುಳುಗಲಿಲ್ಲ.

ಗೆದ್ದೆವೆಂದು ಯೀ ಅಲ್ಲೇ ನಿಲ್ಲಲೂ ಇಲ್ಲ. ಶತ್ರುಗಳ ನೂರಕ್ಕೂ ಹೆಚ್ಚು ಹಡಗು ಇನ್ನೂ ಉಳಿದಿದ್ದವು. ಇದು ನಿಜಕ್ಕೂ ದೈವಕೃಪೆ ಎಂದು ಆ ದಿನ ಬರೆದರು. ರಾತ್ರಿಗೆ ಹಡಗುಗಳನ್ನು ಬೇರೆ ದ್ವೀಪದ ಕಡೆ ಸಾಗಿಸಿದರು.