ಕಾಲುವೆಯ ನೀರು ಮತ್ತು ‘ರೈವಲ್’ ಎಂಬ ಪದ

ಮಾನ್ವಿ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಈಗ ಬ್ಯಾಂಕ್ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ದಿನಕ್ಕೆ ಇಪ್ಪತ್ತು ಕಠಿಣ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತೇನೆ. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತಿರುತ್ತದೆ. ಕನ್ನಡದಲ್ಲಿ ಯೋಚಿಸುವುದನ್ನು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆ ಎನ್ನುತ್ತಾರೆ. ನಿಜವೇ? ನನ್ನ ನೋಟ್‌ಬುಕ್ಕಿನ ಒಂದು ಪುಟವನ್ನು ಲಗತ್ತಿಸಿದ್ದೇನೆ.”

ಸಂಪಾದಕರ ಉತ್ತರ:

ನಿಮ್ಮ ಪುಟವನ್ನು ಎರಡು ಸಲ ಓದಿದೆ. ದುಂಡನೆಯ ಅಕ್ಷರ, ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಅಳತೆಪಟ್ಟಿ ಇಟ್ಟು ಎಳೆದ ಗೆರೆ. ನಿಮ್ಮ ಶ್ರಮದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ಏಳನೆಯ ಸಾಲಿನಲ್ಲಿ ‘ನೊಟೋರಿಯಸ್ – ಪ್ರಸಿದ್ಧ’ ಎಂದಿದೆ. ಆ ಪದಕ್ಕೆ ಕೆಟ್ಟದ್ದಕ್ಕೆ ಹೆಸರಾದ, ಅಂದರೆ ಕುಖ್ಯಾತ ಎಂಬ ಅರ್ಥ. ಸಂದರ್ಶನದಲ್ಲಿ ನಿಮಗೆ ಪಾಠ ಹೇಳಿದ ಮೇಷ್ಟರನ್ನು ಹೊಗಳಲು ಹೋಗಿ ಈ ಪದ ಬಳಸಿದರೆ ಆಗುವ ಅನ್ಯಾಯ ಯೋಚಿಸಿ. ಅದರ ಕೆಳಗೆ ‘ಸ್ಯಾಂಗ್ವಿನ್’, ‘ಸ್ಯಾಂಗ್ವಿನರಿ’ ಎರಡಕ್ಕೂ ‘ರಕ್ತಕ್ಕೆ ಸಂಬಂಧಿಸಿದ’ ಎಂದೇ ಬರೆದಿದ್ದೀರಿ. ಬೇರು ಒಂದೇ, ನಿಜ. ಆದರೆ ಮೈಯಲ್ಲಿ ರಕ್ತದ ಅಂಶ ಮಿಗಿಲಾದವನು ಉಲ್ಲಾಸದಿಂದ ಇರುತ್ತಾನೆಂದು ಯುರೋಪಿನ ಹಳೆಯ ವೈದ್ಯಪದ್ಧತಿ ನಂಬಿತ್ತು. ಅದರಿಂದ ಮೊದಲನೆಯದಕ್ಕೆ ‘ಭರವಸೆ ತುಂಬಿದ’ ಎಂಬ ಅರ್ಥ ನಿಂತಿತು. ಎರಡನೆಯದು ರಕ್ತಪಾತದ ಮಾತಾಗಿಯೇ ಉಳಿಯಿತು.

ಇನ್ನು ನಿಮ್ಮ ಪ್ರಶ್ನೆ. ಕನ್ನಡವನ್ನು ಬಿಡಬೇಕೇ? ಖಂಡಿತ ಬೇಡ. ಹೊಸ ಪದಕ್ಕೆ ಬೇರು ಬಿಡಲು ನೆಲ ಬೇಕು, ಆ ನೆಲ ನಿಮ್ಮಲ್ಲಿ ಬೇಕಾದಷ್ಟಿದೆ.

‘ರೈವಲ್’ ಪದವನ್ನೇ ತೆಗೆದುಕೊಳ್ಳಿ. ‘ಪ್ರತಿಸ್ಪರ್ಧಿ’ ಎಂದು ಬರೆದು ಮುಂದೆ ಹೋಗಿದ್ದೀರಿ. ಲ್ಯಾಟಿನ್ ಭಾಷೆಯಲ್ಲಿ ‘ರೀವುಸ್’ ಎಂದರೆ ತೊರೆ. ಒಂದೇ ತೊರೆಯ ನೀರನ್ನು ಬಳಸುವ ಅಕ್ಕಪಕ್ಕದವರನ್ನು ರೋಮನ್ನರು ‘ರಿವಾಲಿಸ್’ ಎಂದು ಕರೆದರು. ನೀರು ಹಂಚಿಕೊಳ್ಳುವವರ ನಡುವೆ ಏನಾಗುತ್ತದೆಂದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಬೆಳೆದ ನಿಮಗೆ ಯಾರಾದರೂ ವಿವರಿಸಬೇಕೇ? ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡ ಮೇಲೆ ನಿಮ್ಮ ತೂಬಿಗೆ ಎಷ್ಟು ನೀರು ಬಂತು, ಗೇಜ್ ಎಷ್ಟಿದೆ ಎಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡುವವರ ಸಂಕಟದಲ್ಲೇ ಆ ಪದ ಹುಟ್ಟಿದೆ. ಅರ್ಥವನ್ನು ನಿಘಂಟಿಗಿಂತ ಮೊದಲೇ ನಿಮ್ಮ ಮನೆಯವರು ಬದುಕಿದ್ದಾರೆ. ‘ಡಿರೈವ್’ ಕೂಡ ಇದೇ ಬೇರಿನದು: ಮೂಲ ಹರಿವಿನಿಂದ ನೀರನ್ನು ಬೇರೆ ಕಡೆಗೆ ತಿರುಗಿಸಿ ಒಯ್ಯುವುದು. ಉಪಕಾಲುವೆ ಮಾಡುವ ಕೆಲಸವೇ ಅದು. ಹಾಗೆಂದು ಸದ್ದು ಹೋಲುವುದೆಲ್ಲ ನೆಂಟರಲ್ಲ. ‘ರಿವರ್’ ಬಂದದ್ದು ದಡ ಎಂಬ ಅರ್ಥದ ‘ರೀಪ’ ಎಂಬ ಬೇರೆಯೇ ಪದದಿಂದ. ಆದ್ದರಿಂದ ವ್ಯುತ್ಪತ್ತಿಯನ್ನು ಊಹಿಸಬೇಡಿ, ಒಳ್ಳೆಯ ನಿಘಂಟಿನಲ್ಲಿ ನೋಡಿಯೇ ಬರೆದುಕೊಳ್ಳಿ.

ಪಕ್ಕದ ಬಳ್ಳಾರಿ ಜಿಲ್ಲೆಗೆ ಬನ್ನಿ. ಸಂಡೂರಿನ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಬೇವಿನ ಎಲೆಯ ಮೇಲೂ ಕೆಂಪು ದೂಳು ಕೂತಿರುತ್ತದೆ. ಆ ಅದಿರಿನ ಹೆಸರು ಹೆಮಟೈಟ್. ಗ್ರೀಕ್‌ನಲ್ಲಿ ‘ಹೈಮ’ ಎಂದರೆ ರಕ್ತ. ಇದು ರಕ್ತವರ್ಣದ ಕಲ್ಲು. ಆಸ್ಪತ್ರೆಯ ಚೀಟಿಯಲ್ಲಿ ನೀವು ನೋಡಿರುವ ಹಿಮೋಗ್ಲೋಬಿನ್, ರಕ್ತಸ್ರಾವದ ಹೆಮರೇಜ್, ರಕ್ತಹೀನತೆಯ ಅನೀಮಿಯಾ ಎಲ್ಲವೂ ಒಂದೇ ಮನೆಯವು. ಬ್ಯಾಂಕ್ ಪರೀಕ್ಷೆಗೆ ಓದುವಾಗ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬೆಳವಣಿಗೆಯನ್ನು ‘ಅನೀಮಿಕ್’ ಎಂದು ಕರೆದರೆ ಆರ್ಥಿಕತೆ ನಿಶ್ಶಕ್ತವಾಗಿದೆ ಎಂದು ತಾನಾಗಿಯೇ ಹೊಳೆಯುತ್ತದೆ.

ಅರ್ಥ ಗೊತ್ತಾದರೂ ಪದಗಳಿಗೆ ತಮ್ಮದೇ ಒಡನಾಟವಿದೆ. ನಾವು ಜಡಿಮಳೆ ಎನ್ನುತ್ತೇವೆ, ಜಡಿಬಿಸಿಲು ಎನ್ನುವುದಿಲ್ಲ. ರಾಯಚೂರಿನ ಬಿಸಿಲು ರಣಬಿಸಿಲು. ಇಂಗ್ಲಿಷಿನಲ್ಲಿಯೂ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಇವನ್ನು ಪಟ್ಟಿ ಕಲಿಸುವುದಿಲ್ಲ, ಓದು ಕಲಿಸುತ್ತದೆ.

ಮರೆವಿನ ಬಗ್ಗೆ ನಿಮ್ಮನ್ನು ನೀವು ಹಳಿದುಕೊಂಡಿರುವುದು ನನಗೆ ನೋವು ತಂದಿತು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಉಚ್ಚಾರಾಂಶಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ, ಒಂದೇ ಸಲ ಕೂತು ತಿರುವುವುದಕ್ಕಿಂತ ದಿನಗಳ ಅಂತರ ಬಿಟ್ಟು ತಿರುವುವುದು ಹೆಚ್ಚು ಉಳಿಯುತ್ತದೆ ಎಂಬುದನ್ನು ಅವರು ಕಂಡರು. ಸಂದರ್ಭವಿಲ್ಲದೆ ಉರು ಹೊಡೆದ ನಿಮ್ಮ ಇಪ್ಪತ್ತು ಪದಗಳೂ ಅಂಥ ಬರಿಯ ಸದ್ದುಗಳೇ. ದಿನಕ್ಕೆ ಐದು ಸಾಕು. ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರಕ್ಕೊಮ್ಮೆ ಅರ್ಥವನ್ನು ಕೈಯಿಂದ ಮುಚ್ಚಿಕೊಂಡು ನೆನಪಿಸಿಕೊಳ್ಳಿ.

ಕನ್ನಡ ಅಡ್ಡಿ ಎನ್ನುವವರಿಗೆ ಇದನ್ನು ಹೇಳಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು, ಕಿಟೆಲ್ಲರ ನಿಘಂಟಿಗಿಂತ ಅರವತ್ತೆರಡು ವರ್ಷ ಮೊದಲು. ಕನ್ನಡ ಕಲಿಯಲು ಅವರು ತಮ್ಮ ಇಂಗ್ಲಿಷನ್ನು ಬಿಡಲಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರು ಕೂರಿಸಿದರು. ನೀವೂ ಮಾಡುತ್ತಿರುವುದು ಅದೇ ಕೆಲಸ, ಆ ಕಡೆಯಿಂದಲ್ಲದೆ ಈ ಕಡೆಯಿಂದ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ಬರೆಯಿರಿ. ಐದೇ ಪದ. ಗೆರೆಯ ಬಲಕ್ಕೆ ಅರ್ಥದ ಜೊತೆಗೆ ನಿಮ್ಮ ಊರಿನ, ನಿಮ್ಮ ಹೊಲದ ವಿಷಯವಾಗಿ ನೀವೇ ಕಟ್ಟಿದ ಒಂದೊಂದು ಇಂಗ್ಲಿಷ್ ವಾಕ್ಯ ಇರಲಿ. ಕಳುಹಿಸಿಕೊಡಿ, ತಿದ್ದಿ ಮರುಟಪಾಲಿನಲ್ಲಿ ಹಿಂದಿರುಗಿಸುತ್ತೇನೆ.

— ಸಂಪಾದಕ